ಒಂಬತ್ತು ತೂತಿನ ಬಾಯಿಯೂ ಭೇರ್ಯದ ನವಿಲೂ

ಸಾಲಿಗ್ರಾಮದಲ್ಲಿ ಕಂಪ್ಯೂಟರನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲವೆಂದು ನಾನು ಬಲವಾಗಿ ನಂಬಿದ್ದ ಕಾಲವದು. ಪ್ರೈಮರಿ ಶಾಲೆಯ ಮೇಷ್ಟ್ರಾದ ನಾನು ಮೂರು ದಿನದ ತರಬೇತಿ ಮುಗಿಸಿ ಬಂದಿದ್ದೆ. ಸಾಲದೇ!

ನನ್ನ ಹೆಂಡತಿ ಜಯಮ್ಮನಿಗೆ ಹೊಲಿಗೆ ಅಂಗಡಿ. ಅಲ್ಲೊಂದು ಹಳೆಯ ಕಸೂತಿ ಮೆಷಿನ್. ಕಂಪ್ಯೂಟರಿನಿಂದ ವೈರಿನಲ್ಲಿ ಚಿತ್ರ ಕಳಿಸಿದರೆ ಬಟ್ಟೆಯ ಮೇಲೆ ತಾನೇ ಹೊಲಿಯುತ್ತಿತ್ತು. ಹಳೆಯ ಕಂಪ್ಯೂಟರ್ ಕೈಕೊಟ್ಟಿದ್ದರಿಂದ ಮೈಸೂರಿನಿಂದ ಹೊಸದು ತಂದೆ.

"ಏನ್ರೀ, ಮೆಷಿನ್ ವೈರ್ ಸಿಕ್ಸೋ ಜಾಗ ಎಲ್ಲೈತೆ ಇದ್ರಲ್ಲಿ?" ಎಂದಳು.

ಹಿಂದೆ ನೋಡಿದೆ, ಮುಂದೆ ನೋಡಿದೆ, ಎತ್ತಿ ಅಡಿಯನ್ನೂ ನೋಡಿದೆ. ಇರಲಿಲ್ಲ! ಎಲ್ಲವೂ ಚಪ್ಪಟೆ ಯುಎಸ್‌ಬಿ ಕಿಂಡಿಗಳೇ.

ಭೇರ್ಯದ ಮಂಗಳಮ್ಮನ ಮಗಳ ಧಾರೆ ಶುಕ್ರವಾರ. ರವಿಕೆಯ ಬೆನ್ನಿಗೆ ನವಿಲು ಕೂರಿಸಿಕೊಡುತ್ತೇನೆಂದು ಜಯಮ್ಮ ಮಾತು ಕೊಟ್ಟಿದ್ದಳು. ಅಂದು ಮಂಗಳವಾರ.

"ನವಿಲಿಲ್ದೆ ಆ ಹುಡ್ಗಿ ಹಸೆಮಣೆ ಹತ್ತುದ್ರೆ ನಾನು ಅಂಗ್ಡಿ ಬಾಗ್ಲು ಹಾಕ್ಕೊಳ್ಳೋದೇಯ!"

"ಯೋಚ್ನೆ ಬುಡು, ನಾನಿಲ್ವಾ?" ಎಂದೆ. ಅವಳ ಯೋಚನೆ ಇನ್ನೂ ಹೆಚ್ಚಾಯಿತು.

ಮತ್ತೆ ಮೈಸೂರಿನ ಬಸ್ಸು ಹತ್ತಿ ಒಂದು ಅಡಾಪ್ಟರ್ ತಂದೆ. ಒಂದು ತುದಿ ಯುಎಸ್‌ಬಿ ಕಿಂಡಿಗೆ, ಇನ್ನೊಂದು ತುದಿಯ ಒಂಬತ್ತು ಕಡ್ಡಿ ಮೆಷಿನ್ನಿನ ಒಂಬತ್ತು ತೂತಿಗೆ. ಜೊತೆಗೆ, ಅಡಾಪ್ಟರನ್ನು ಕಂಪ್ಯೂಟರಿಗೆ ಪರಿಚಯಿಸಲು ಅಂಗೈಯಗಲದ ಪುಟ್ಟ ಸಿ.ಡಿ. ಮೇಜಿನ ಕೆಳಗೆ ಜಾಗ ಸಾಲದೆಂದು ನಾನು ಕಂಪ್ಯೂಟರಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿದ್ದೆ. ಗೋಡೆಯಂತೆ ನೆಟ್ಟಗೆ ನಿಂತಿದ್ದ ಸಿ.ಡಿ. ತಟ್ಟೆ ಒಳಗೆ ಹೋಯಿತು, ಪುಟ್ಟ ಸಿ.ಡಿ. ತಟ್ಟೆಯಿಂದ ಜಾರಿ ಪೆಟ್ಟಿಗೆಯ ಹೊಟ್ಟೆ ಸೇರಿತು.

ಪೆಟ್ಟಿಗೆಯನ್ನೆತ್ತಿ ಕುಲುಕತೊಡಗಿದೆ. ಪಕ್ಕದ ಸೈಕಲ್ ಅಂಗಡಿಯ ಪುಟ್ಟಸ್ವಾಮಿ ಇಣುಕಿದ.

"ಏನ್ ಮೇಷ್ಟ್ರೇ, ಭತ್ತ ಕೇರ್ತಿದ್ದೀರಾ?"

"ಸಿ.ಡಿ. ಕಣಯ್ಯ, ಒಳಕ್ಕೆ ಬಿದ್ದೋಯ್ತು."

"ತಲೆಕೆಳಗೆ ಮಾಡಿ, ಬೆನ್ ಮೇಲೆ ಒಂದ್ ಗುದ್ದಿ. ನಮ್ ಹಸೀನ್ ಕರಾ ನಾಣ್ಯ ನುಂಗ್ದಾಗ ಅಂಗೇ ಮಾಡಿದ್ವಿ."

ಗುದ್ದಿದೆ. ಸಿ.ಡಿ. ಬಂತು. ಹಿಂದೆಯೇ ಒಂದು ಸ್ಕ್ರೂ ಕೂಡ ಬಂತು. ಅದು ಯಾವುದರದೆಂದು ಇವತ್ತಿಗೂ ಗೊತ್ತಿಲ್ಲ!

ಪೆಟ್ಟಿಗೆ ನಿಲ್ಲಿಸಿ ಸಿ.ಡಿ. ಓಡಿಸಿದೆ. ಆದರೂ ನವಿಲು ಕದಲಲಿಲ್ಲ. ಬುಧವಾರವೆಲ್ಲ ತಿಣುಕಿದ ಮೇಲೆ ರಹಸ್ಯ ಬಯಲಾಯಿತು. ಕಂಪ್ಯೂಟರ್ ಅಡಾಪ್ಟರಿಗೆ ಏಳನೇ ನಂಬರಿನ ಮನೆ ಕೊಟ್ಟಿತ್ತು. ಹಳೆಯ ಕಸೂತಿ ಪ್ರೋಗ್ರಾಮೋ ನಾಲ್ಕನೇ ಮನೆಯವರೆಗೆ ಮಾತ್ರ ಬಾಗಿಲು ತಟ್ಟುತ್ತಿತ್ತು. ಏಳನ್ನು ಅಳಿಸಿ ಮೂರು ಮಾಡಿದೆ. ಇಡೀ ತಾಲ್ಲೂಕಿಗೇ ಕೇಳುವಂತೆ "ಗೆದ್ದೆ!" ಎಂದು ಕೂಗಿದೆ.

ನವಿಲು ಆಗಲೂ ಕದಲಲಿಲ್ಲ.

ಜಯಮ್ಮ ಅಡಾಪ್ಟರನ್ನು ಕಿತ್ತು ಮೆಷಿನ್ನಿನ ಬಾಯಿಗೆ ಟಾರ್ಚ್ ಬಿಟ್ಟಳು.

"ಇದೇನ್ರೀ, ಒಳಗೆಲ್ಲಾ ಹಳದಿ ಐತೆ?"

ನಾನು ತಪ್ಪೊಪ್ಪಿಕೊಂಡೆ. ಹೋದ ವಾರ ಆಯುಧಪೂಜೆ. ಹಳೆಯ ವೈರು ಕಳಚಿ ಮೆಷಿನ್ನಿನ ಬಾಯಿ ಖಾಲಿ ಇತ್ತು. ಒಂಬತ್ತು ತೂತು ಕಂಡು, ನವಗ್ರಹಗಳ ಲೆಕ್ಕ ಕೂಡಿಬಂತೆಂದು ಭಕ್ತಿ ಉಕ್ಕಿ, ಕಲೆಸಿದ ಅರಿಸಿನವನ್ನು ಕಡ್ಡಿಯಲ್ಲದ್ದಿ ಒಂದೊಂದಕ್ಕೂ ಇಟ್ಟವನು ಸಾಕ್ಷಾತ್ ನಾನೇ!

"ಮಾಡಿದ್ದುಣ್ಣೋ ಮಹರಾಯ!" ಎಂದಳು ಜಯಮ್ಮ. ಮೆಷಿನ್ನಿನ ಸ್ವಿಚ್ಚು ಆರಿಸಿ, ಹೊಲಿಗೆಯ ಸೂಜಿಯಿಂದ ಒಂಬತ್ತು ತೂತನ್ನೂ ಕೆದಕಿ, ಉಫ್ ಎಂದು ಊದಿದಳು. ಒಣ ಅರಿಸಿನವೆಲ್ಲ ನನ್ನ ಮುಖಕ್ಕೇ ಬಂತು.

"ಈಗ ಈ ಅಡಾಪ್ಟರ್ ಸಿಕ್ಸಿ ಒತ್ತಿ ಹಿಡ್ಕೊಳಿ. ಸಡಿಲ ಐತೆ. ಅಲ್ಲಾಡುದ್ರೆ ನೋಡಿ!"

ಉಸಿರು ಕಟ್ಟಿ ಹಿಡಿದೆ. ಅವಳು ಸ್ವಿಚ್ಚು ಹಾಕಿದಳು, ಚಿತ್ರ ಮೆಷಿನ್ನಿಗೆ ಇಳಿಯಿತು. ಸೂಜಿ ಒಮ್ಮೆ ಕುಕ್ಕಿತು, ಮತ್ತೆ ಕುಕ್ಕಿತು, ಆಮೇಲೆ ಟಕಟಕ ಓಡಿತು! ನೋಡನೋಡುತ್ತಿದ್ದಂತೆ ಕೊಕ್ಕು ಬಂತು, ಕುತ್ತಿಗೆ ಬಂತು, ಗರಿ ಬಿಚ್ಚಿತು. ಪುಟ್ಟಸ್ವಾಮಿ ಶಿಳ್ಳೆ ಹಾಕಿದ. ಅರಿಸಿನ ಮೆತ್ತಿದ ಮುಖದಲ್ಲಿ ನಾನೂ ಕುಣಿದೆ.

ಶುಕ್ರವಾರ ಧಾರೆಮಂಟಪದಲ್ಲಿ ಹೆಂಗಸರೆಲ್ಲ ಹುಡುಗಿಯ ಬೆನ್ನನ್ನೇ ನೋಡುತ್ತಿದ್ದರು. ಮಂಗಳಮ್ಮ ಬೀಗಿತ್ತಿಯನ್ನು ಎಳೆದುಕೊಂಡು ಬಂದರು.

"ಇವ್ರೇ ಕಣ್ರೀ ನವಿಲು ಮಾಡ್ಕೊಟ್ಟೋರು, ಜಯಮ್ಮೋರು."

ನಾನು ಶಲ್ಯ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಇವ್ರು ಅವ್ರ ಯಜಮಾನ್ರು. ಪಾಪ, ವೈರ್ ಹಿಡ್ಕೊಂಡಿದ್ರಂತೆ."

ಊಟದಲ್ಲಿ ಎಲ್ಲರ ಎಲೆಗೂ ಒಂದು ಹೋಳಿಗೆ ಬಿದ್ದರೆ ನನ್ನ ಎಲೆಗೆ ಎರಡು. ವೈರ್ ಹಿಡಿದವನಿಗೇ ಇಷ್ಟು ಮರ್ಯಾದೆ ಇರುವ ಸೀಮೆಯಲ್ಲಿ ಎಂಜಿನಿಯರ್ ಆಗಿ ಮಾಡುವುದಾದರೂ ಏನಿದೆ!