ಸುಳ್ಳು ಹೇಳಲಾರದ ಕತ್ತರಿ

ಭೂತ ತಯಾರಿಸುವುದೆಂದರೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಎಪ್ಪತ್ತಮೂರು ವರ್ಷ ಬರೀ ಬೇರೆಯವರ ಮಾತು ಕೇಳಿಸಿಕೊಂಡೇ ಬದುಕಿದವಳು ನಾನು. ಒಂದು ಭೂತಕ್ಕೆ ನಾಲ್ಕು ಮಾತು ಕಲಿಸುವುದು ಯಾವ ಮಹಾ ವಿದ್ಯೆ? ಹಾಗೆಂದು ಮೊಮ್ಮಗಳ ಎದುರು ಎದೆ ತಟ್ಟಿಕೊಂಡೆ. ಆ ಎದೆ ಇನ್ನೂ ನೋಯುತ್ತಿದೆ!

ಮೊಮ್ಮಗಳು ಕಾಲೇಜಿಗೆ ಹೋಗುವವಳು. ಭಾನುವಾರ ಮಧ್ಯಾಹ್ನ ಅವಳ ಮೂವರು ಸ್ನೇಹಿತರು ಬಂದು ನಮ್ಮ ಊಟದ ಮೇಜನ್ನು ಆಕ್ರಮಿಸಿಕೊಳ್ಳುತ್ತಾರೆ. ಇವಳು ಕಥೆ ಹೇಳುತ್ತಾಳೆ, ಅವರು ಕಥೆಯೊಳಗಿನ ಪಾತ್ರಗಳಾಗುತ್ತಾರೆ. ಒಬ್ಬ ಕಳ್ಳ, ಒಬ್ಬ ಕತ್ತಿವೀರ, ಒಬ್ಬಳು ಮಂತ್ರವಾದಿ. ಬಾಗಿಲು ಒಡೆಯಬೇಕಾದರೂ ದಾಳ ಹಾಕಬೇಕು, ರಾಕ್ಷಸನಿಗೆ ಸುಳ್ಳು ಹೇಳಬೇಕಾದರೂ ದಾಳ ಹಾಕಬೇಕು. ದಾಳವೂ ನಮ್ಮ ಕಾಲದ ಆರು ಮುಖದ್ದಲ್ಲ, ಇಪ್ಪತ್ತು ಮುಖದ್ದು! ಇಪ್ಪತ್ತು ಬಿದ್ದರೆ ಬಾಗಿಲು ಚೂರು. ಒಂದು ಬಿದ್ದರೆ ವೀರನೇ ಚೂರು.

ಒಂದು ದಿನ ಅವಳು ಪೆನ್ನು ಕಚ್ಚಿಕೊಂಡು ಕೂತಿದ್ದಳು.

"ಅಜ್ಜಿ, ಕಥೆಗೊಂದು ಮಾಯಾ ವಸ್ತು ಬೇಕು. ಅದರೊಳಗೆ ಒಂದು ಆತ್ಮ ಸಿಕ್ಕಿಹಾಕ್ಕೊಂಡಿರ್ಬೇಕು. ಒಂದು ಸಲ ಅದರ ಮಾತು ಕೇಳಿದೋರು ಜನ್ಮದಲ್ಲಿ ಮರೀಬಾರ್ದು."

"ಈಗ ಏನು ಬರ್ದಿದೀಯ?"

"ಒಂದು ಕತ್ತಿ. ಒಳಗಿರೋ ಭೂತ 'ಬಿಡಿಸಿ, ಬಿಡಿಸಿ' ಅಂತ ಕೂಗುತ್ತೆ."

"ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕೂ ಹಾಗೇ ಕೂಗುತ್ತೆ. ಅದನ್ನ ಯಾರು ನೆನಪಿಟ್ಕೋತಾರೆ? ಏಳು, ನಾನು ಮಾಡ್ಕೊಡ್ತೀನಿ!"

ನನ್ನ ಪಾಠ ಶುರುವಾಯಿತು. ಭೂತಕ್ಕೆ ಮೊದಲು ಒಂದು ಕಸುಬು ಬೇಕು, ಇಲ್ಲದಿದ್ದರೆ ಅದು ಬರೀ ಗಾಳಿ. ಒಂದು ಕೆಟ್ಟ ಚಾಳಿ ಬೇಕು, ಇಲ್ಲದಿದ್ದರೆ ಯಾರಿಗೂ ಅದರ ಮೇಲೆ ಪ್ರೀತಿ ಹುಟ್ಟದು. ಆಮೇಲೆ ಅದು ಏನನ್ನಾದರೂ ಹುಡುಕುತ್ತಿರಬೇಕು. ರಾಜ್ಯ, ಕಿರೀಟ ಬೇಡ. ದೊಡ್ಡದು ಕಳೆದರೆ ಜನ ಅತ್ತು ಸುಮ್ಮನಾಗುತ್ತಾರೆ. ಸಣ್ಣದು ಕಳೆದರೆ ಸತ್ತ ಮೇಲೂ ಹುಡುಕುತ್ತಾರೆ!

ಮೊಮ್ಮಗಳು ಬಾಯಿಬಿಟ್ಟುಕೊಂಡು ಕೇಳಿದಳು. ನಾನು ಉಬ್ಬಿದೆ. ಉಬ್ಬಿದವಳೇ ಎದ್ದು ಹೋಗಿ ಟ್ರಂಕಿನ ತಳದಿಂದ ನಮ್ಮ ಯಜಮಾನರ ಕತ್ತರಿ ತಂದು ಮೇಜಿನ ಮೇಲಿಟ್ಟೆ. ಠಣ್ಣೆಂದಿತು.

ಯಜಮಾನರು ದರ್ಜಿ. ಮೂವತ್ತೆಂಟು ವರ್ಷ ಆ ಕತ್ತರಿ ಹಿಡಿದವರು. ಮೊಮ್ಮಗಳು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡವರು. ಅವರ ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ತುಟಿ ಬಿಚ್ಚದೆ, ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಿದ್ದರು. ಬಟ್ಟೆ ಕತ್ತರಿಸುವ ಕತ್ತರಿಯನ್ನು ಯಾರಾದರೂ ಕಾಗದಕ್ಕೆ ಹಾಕಿದರೋ, ಮುಗಿಯಿತು! ಅಲಗು ಮೊಂಡಾಗುತ್ತದೆಂದು ಆ ದಿನವೆಲ್ಲ ಮನೆಯಲ್ಲಿ ಒಬ್ಬರಿಗೂ ಮಾತಿಲ್ಲ.

ಹಾಗೆ ನನ್ನ ಭೂತ ಸಿದ್ಧವಾಯಿತು: ಕತ್ತರಿಯೊಳಗೆ ಸಿಕ್ಕಿಕೊಂಡ ದರ್ಜಿ. ಕಾಗದ ಕತ್ತರಿಸಿದರೆ ಎಚ್ಚರಗೊಳ್ಳುತ್ತಾನೆ. ಕಂಡವರ ಬಟ್ಟೆಗೆಲ್ಲ ಹೆಸರಿಡುತ್ತಾನೆ. ಅವನು ಹೊಲಿದ ಕೊನೆಯ ಕೋಟು ಒಂದಿಂಚು ದೊಡ್ಡದಾಯಿತು. "ಎಲ್ಲಿಂದ ಬಂತು ಆ ಒಂದಿಂಚು?" ಎಂದು ಕೇಳುತ್ತಲೇ ಇರುತ್ತಾನೆ. ಅದು ಯಾರಿಗೆ ತಿಳಿಯುತ್ತದೋ ಅವರೇ ಅವನನ್ನು ಬಿಡಿಸಬಲ್ಲರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ದೊಡ್ಡಸ್ತಿಕೆ ಬಿಡಬೇಕಲ್ಲ! "ಬರ್ಕೋ," ಎಂದೆ. "ಇದು ಸುಳ್ಳು ಹೇಳೋ ಅಗ್ಗದ ಭೂತ ಅಲ್ಲ. ನೇರವಾಗಿ ಕೇಳಿದ್ರೆ ನಿಜಾನೇ ಹೇಳ್ಬೇಕು. ಅದು ಕಟ್ಟಳೆ." ಅವಳು ಬರೆದು ಕೆಳಗೆ ಎರಡು ಗೆರೆ ಎಳೆದಳು. ನನ್ನ ಗುಂಡಿಯನ್ನು ನಾನೇ ತೋಡಿಕೊಂಡದ್ದಲ್ಲದೆ, ಅದರ ಅಂಚಿಗೆ ಅಚ್ಚುಕಟ್ಟಾಗಿ ಹೊಲಿಗೆಯನ್ನೂ ಹಾಕಿದ್ದೆ!

ಮುಂದಿನ ಭಾನುವಾರ ಅಡುಗೆಮನೆಯ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ತುಟಿಯ ನಡುವೆ ಒಂದು ಬೆಂಕಿಕಡ್ಡಿ ಕಚ್ಚಿಕೊಂಡೆ, ಸೂಜಿಗೆ ಬದಲು. ಕಳ್ಳನ ಪಾತ್ರದ ಹುಡುಗ ಏನೂ ಅರಿಯದೆ ಕತ್ತರಿ ಎತ್ತಿ ನಕ್ಷೆಯ ಅಂಚು ಕತ್ತರಿಸಿದ.

"ಕಾಗದಾನಾ? ನಿನ್ನ ನಾಲಗೆ ಮೇಲೆ ಮರಳು ಉಜ್ಜಿದ್ರೆ ಹೇಗಿರುತ್ತೋ?"

ಹುಡುಗ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

"ಬಿದ್ದಿದ್ದಾಯ್ತಲ್ಲ, ಈಗ ಅಂಗಿ ಗುಂಡಿ ಸರಿಯಾಗಿ ಹಾಕ್ಕೋ. ಒಂದು ಮನೆ ತಪ್ಪಿದೆ."

ನೋಡಿಕೊಂಡ. ತಪ್ಪಿತ್ತು! ಮೇಜಿನ ಸುತ್ತ ಕೇಕೆಯೋ ಕೇಕೆ. ಮೂರು ಭಾನುವಾರ ನಾನು ಆ ಮನೆಯ ಮಹಾರಾಣಿ. ಜನ್ಮದಲ್ಲಿ ಮೊದಲ ಸಲ ನಾಲ್ಕು ಜನ ಉಸಿರು ಹಿಡಿದು ನನ್ನ ಮಾತು ಕೇಳಿದರು. "ಅತ್ತೆ, ಭೂತಕ್ಕೆ ಬಿಡುವಿದ್ರೆ ಹಾಲು ಉಕ್ತಿದೆ ನೋಡಿ," ಎಂದು ಸೊಸೆ ಕೂಗಿದರೆ, ಕಡ್ಡಿ ಕಚ್ಚಿಕೊಂಡೇ "ಭೂತಗಳು ಒಲೆ ಮುಟ್ಟೋದಿಲ್ಲ" ಎನ್ನುವಷ್ಟು ಕೊಬ್ಬು ಬಂದಿತ್ತು.

ಮಂತ್ರವಾದಿಯ ಪಾತ್ರದ ಹುಡುಗಿ ಕಾನೂನು ಓದುವವಳು. ಎಲ್ಲರೂ ಅವಳನ್ನು ವಕೀಲೆ ಎಂದೇ ಕರೆಯುವುದು. ಅವಳು ಮಾತ್ರ ನಗುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದಳು.

ನಾಲ್ಕನೆಯ ಭಾನುವಾರ ಕತ್ತಿವೀರನ ಪಾತ್ರದ ಹುಡುಗ ಕಾಲೇಜಿನ ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡು ಬರಲಿಲ್ಲ. ಮೊಮ್ಮಗಳು, ಅಂದು ಭಾನುವಾರದ ಡ್ಯೂಟಿ ಇಲ್ಲದೆ ಮನೆಯಲ್ಲಿ ಪೇಪರು ಓದುತ್ತಿದ್ದ ಅವಳಪ್ಪನನ್ನು, ಎಂದರೆ ನನ್ನ ಮಗನನ್ನು, ಎಳೆದುಕೊಂಡು ಬಂದಳು.

"ಅಪ್ಪಾ, ಇವತ್ತು ನೀನೇ ಕತ್ತಿವೀರ."

"ನಾನು ಬಸ್ ಡಿಪೋ ಟೈಮ್‌ಕೀಪರ್ ಕಣೇ."

"ಪರವಾಗಿಲ್ಲ, ರಾಕ್ಷಸ ಎಷ್ಟು ಹೊತ್ತಿಗೆ ಬಂದ ಅಂತ ಬರ್ಕೋ. ಕೂತ್ಕೋ!"

ಕೂತ. ಪರದೆಯ ಹಿಂದೆ ನಾನು ಸ್ಟೂಲನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡೆ. ಯಾಕೆಂದು ನಿಮಗೆ ಹೇಳಲೇಬೇಕು.

ಆ ಕೋಟು ಕಥೆಯಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಮಗನ ಮದುವೆಗೆ ಯಜಮಾನರು ಹೊಲಿದದ್ದು. ಆ ವಾರ ಅವರ ಅಳತೆಯ ಟೇಪಿನ ತುದಿಯ ತಗಡು ಕಿತ್ತುಬಂದು ಬೆರಳಿಗೆ ಚುಚ್ಚುತ್ತಿತ್ತು. ಪಾಪ ಎಂದುಕೊಂಡು, ಅವರು ಇಲ್ಲದಾಗ, ಆ ತುದಿಯನ್ನು ಕತ್ತರಿಸಿ ತೆಗೆದು ಅಂಚು ಮಡಚಿ ಹೊಲಿದಿಟ್ಟೆ. ಎಷ್ಟು ಚೆಂದದ ಹೊಲಿಗೆ! ತಗಡಿನ ಜೊತೆ ಮೊದಲನೆಯ ಇಂಚೂ ಹೋಯಿತೆಂಬುದು ಈ ಬುದ್ಧಿವಂತೆಗೆ ಹೊಳೆಯಲಿಲ್ಲ. ಯಾವ ದರ್ಜಿಯೂ ಟೇಪಿನ ಆರಂಭ ನೋಡುವುದಿಲ್ಲ. ಬೆರಳು ಒಂದು ತುದಿ ಹಿಡಿಯುತ್ತದೆ, ಕಣ್ಣು ಇನ್ನೊಂದು ಕಡೆ ಓದುತ್ತದೆ. ಮಗನ ಮೈಯನ್ನು ಆ ಟೇಪಿನಿಂದ ಅಳೆದರು, ಪ್ರತಿ ಅಳತೆಯೂ ಒಂದಿಂಚು ಹೆಚ್ಚೇ ಬಂತು. ಬಟ್ಟೆಯ ಮೇಲೆ ಮರದ ಸ್ಕೇಲಿಟ್ಟು ಗುರುತು ಹಾಕಿದರು. "ನನ್ನ ಮಗನಿಗೆ ಟ್ರಯಲ್ ಯಾತಕ್ಕೆ?" ಎಂದು ನೇರವಾಗಿ ಹೊಲಿದುಬಿಟ್ಟರು.

ಅಂಗಡಿ ತುಂಬ ಗಿರಾಕಿಗಳಿದ್ದಾಗ ಮಗ ಅದನ್ನು ತೊಟ್ಟ. ಭುಜ ಇಳಿದಿತ್ತು, ತೋಳು ಅಂಗೈ ನುಂಗಿತ್ತು. "ಅಪ್ಪಾ, ಇದು ಕೋಟೋ ಗುಡಾರವೋ? ನಿನಗೆ ಕಣ್ಣು ಕಾಣ್ಸುತ್ತಾ?" ಎಂದು ನಕ್ಕ. ಎಲ್ಲರೂ ನಕ್ಕರು. ಯಜಮಾನರು ಕತ್ತರಿ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ. ಮಗನಿಗೆ ಬಾಡಿಗೆ ಕೋಟಿನಲ್ಲಿ ಮದುವೆಯಾಯಿತು. ಕಣ್ಣಿನ ಡಾಕ್ಟರು "ಕಣ್ಣು ಚೆನ್ನಾಗಿದೆ" ಎಂದರೆ, "ಡಾಕ್ಟರಿಗೇ ಕಣ್ಣಿಲ್ಲ" ಎಂದು ಕಿಟಕಿಯ ಬಳಿ ಕೂತರು. ಎರಡು ವರ್ಷ ಕೂತರು. ಆಮೇಲೆ ಆ ಕುರ್ಚಿ ಖಾಲಿಯಾಯಿತು.

ಮದುವೆಯಾದ ಎರಡು ತಿಂಗಳಿಗೆ, ಪರದೆ ಅಳೆಯಲೆಂದು ನಾನು ಆ ಟೇಪು ಹಿಡಿದಾಗ ಅದು ಎರಡರಿಂದ ಶುರುವಾಗಿತ್ತು. ಅವರು ಅಲ್ಲೇ ಕಿಟಕಿಯ ಬಳಿ ಕೂತಿದ್ದರು. ನಾಳೆ ಹೇಳೋಣ ಎಂದುಕೊಂಡೆ.

ಈಗ ಮೇಜಿಗೆ ಬನ್ನಿ. ಕಡ್ಡಿ ಬಿಸಾಕಿ, ದನಿ ಬದಲಾಯಿಸಿ, "ಯಾರದು?" ಎಂದು ಕೀರಲಾಗಿ ಕೂಗಿದೆ.

"ಅಜ್ಜಿ! ಭೂತಕ್ಕೆ ನೆಗಡಿಯಾ? ಮೊದಲಿನ ಹಾಗೇ ಮಾತಾಡು!"

ಬೇರೆ ದಾರಿಯಿರಲಿಲ್ಲ. ಇನ್ನೊಂದು ಕಡ್ಡಿ ಕಚ್ಚಿದೆ. "ಎಲ್ಲಿಂದ ಬಂತು ಆ ಒಂದಿಂಚು?"

ಮಗನ ಕೈಯ ದಾಳ ನೆಲಕ್ಕೆ ಬಿದ್ದು ಉರುಳಿತು. "ಅಪ್ಪಾ?" ಎಂದ.

"ವಾವ್ ಅಂಕಲ್, ಏನು ನಟನೆ!" ಎಂದು ಕಳ್ಳ ಚಪ್ಪಾಳೆ ತಟ್ಟಿದ.

ಮಗ ಕತ್ತರಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ. "ಆ ಕೋಟು ಯಾರಿಗೆ ಹೊಲಿದಿದ್ದು?"

ನೇರ ಪ್ರಶ್ನೆ. ಕಟ್ಟಳೆ. "ಮಗನಿಗೆ."

"ಅವನು ನಗದೇ ಇದ್ದಿದ್ರೆ... ನೀನು ಇನ್ನೂ ನಾಲ್ಕು ದಿನ ಇರ್ತಿದ್ಯಾ?"

ನನ್ನ ಹಲ್ಲಿನ ನಡುವೆ ಕಡ್ಡಿ ಮುರಿಯಿತು. ಆ ನಗುವನ್ನು ಇವನು ಇಪ್ಪತ್ತು ವರ್ಷ ಹೊತ್ತು ತಿರುಗುತ್ತಿದ್ದಾನೆಂದು, ಕೇಳಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುವ ನನಗೆ, ಒಂದು ದಿನವೂ ಕೇಳಿಸಿರಲಿಲ್ಲ.

"ಅಂಕಲ್, ಭಾವನೆ ಆಮೇಲೆ, ಸಾಕ್ಷಿ ಮೊದಲು," ಎಂದು ವಕೀಲೆ ಪುಸ್ತಕ ತೆರೆದಳು. "ಭೂತವೇ, ಮೈ ಅಳೆದದ್ದು ಯಾವುದರಿಂದ?"

"ಟೇಪು."

"ಬಟ್ಟೆ ಅಳೆದದ್ದು?"

"ಮರದ ಸ್ಕೇಲು."

"ಮರ ಹಿಗ್ಗೋದಿಲ್ಲ. ಕೋಟಲ್ಲಿ ಒಂದಿಂಚು ಹೆಚ್ಚಿದ್ರೆ ಟೇಪಲ್ಲಿ ಒಂದಿಂಚು ಕಡಿಮೆ ಇರ್ಬೇಕು! ಹೇಳು, ಟೇಪಿನ ತುದಿ ಕತ್ತರಿಸಿದ್ದು ಯಾರು?"

ಇಪ್ಪತ್ತು ವರ್ಷ ಒಬ್ಬರೂ ಕೇಳದ ಪ್ರಶ್ನೆ! ಈ ಹುಡುಗಿಗೆ ನಾಲ್ಕು ಭಾನುವಾರ ಸಾಕಾಯಿತು.

"ಭೂತಕ್ಕೆ ನಿದ್ದೆ ಬಂತು," ಎಂದೆ.

"ಸತ್ತೋರಿಗೆ ಎಂಥ ನಿದ್ದೆ? ಉತ್ತರ!"

"ಅಯ್ಯೋ, ಹಾಲು ಉಕ್ತಿದೆ!"

"ಇಲ್ಲ ಅತ್ತೆ," ಎಂದಳು ನನ್ನ ಹಿಂದೆಯೇ ನಿಂತಿದ್ದ ಸೊಸೆ, "ಹಾಲು ಫ್ರಿಜ್ಜಲ್ಲಿದೆ."

ಮೊಮ್ಮಗಳಿಗೆ ನನ್ನ ಮೇಲೆ ಕರುಣೆ ಬಂದಿರಬೇಕು. "ಸರಿ, ಭೂತಕ್ಕೂ ಒಂದು ಅವಕಾಶ. ಹತ್ತಕ್ಕಿಂತ ಹೆಚ್ಚು ಬಿದ್ರೆ ಉತ್ತರ ಹೇಳ್ಬೇಕಾಗಿಲ್ಲ." ಪರದೆಯ ಸಂದಿಯಿಂದ ಕೈ ಚಾಚಿ ದಾಳ ತೆಗೆದುಕೊಂಡೆ. ಕಣ್ಣು ಮುಚ್ಚಿ ಎಸೆದೆ.

"ಒಂದು!"

ನೋಡಿ, ಟೇಪಿನಿಂದ ಕಾಣೆಯಾದ ಒಂದು ಇಷ್ಟು ವರ್ಷದ ಮೇಲೆ ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿತ್ತು.

ಕಡ್ಡಿಯ ಚೂರು ಉಗಿದೆ. ನನ್ನದೇ ದನಿಯಲ್ಲಿ "ನಾನು" ಎಂದೆ.

"ನಾನು ಅಂದ್ರೆ? ಭೂತವೇ ಕತ್ತರಿಸ್ತಾ?"

"ಭೂತದ ಹೆಂಡತಿ."

"ಎರಡು ಭೂತ!" ಎಂದು ಕಳ್ಳ ಕುರ್ಚಿಯಿಂದ ಜಿಗಿದ. ವಕೀಲೆ ಮೊದಲ ಸಲ ನಕ್ಕಳು. ನಾನು ಪರದೆ ಸರಿಸಿ ಹೊರಗೆ ಬಂದು, ನನ್ನ ಗುಂಡಿಗಳ ಡಬ್ಬಿ ತೆರೆದು, ಇಷ್ಟು ವರ್ಷ ತಳದಲ್ಲಿ ಮುಚ್ಚಿಟ್ಟಿದ್ದ ಟೇಪಿನ ಆ ತುಂಡನ್ನು ಮೇಜಿನ ಮೇಲಿಟ್ಟೆ. ತುಕ್ಕು ಹಿಡಿದ ತಗಡು, ಹಳದಿ ಟೇಪು, ಅದರ ಮೇಲೆ ಒಂದೇ ಒಂದು ಅಂಕಿ.

"ಅಜ್ಜಿ, ನಿಜವಾಗ್ಲೂ ಹಳೇದರ ಥರಾನೇ ಇದೆ! ಹೇಗೆ ಮಾಡಿದ್ರಿ?" ಎಂದು ಕಳ್ಳ ಕೇಳಿದ.

ಮೊಮ್ಮಗಳು ತನ್ನಪ್ಪನ ಮುಖ ನೋಡಿದಳು. ಪುಸ್ತಕ ಮುಚ್ಚಿದಳು. "ಆಟ ಮುಗೀತು. ಎಲ್ಲರೂ ಮನೆಗೆ ಹೋಗಿ," ಎಂದಳು.

ಮಗ ಆ ತುಂಡನ್ನು ಉಗುರಿನಿಂದ ಹೊರಳಿಸಿ ನೋಡಿದ.

"ಅಪ್ಪನಿಗೆ ಗೊತ್ತಿತ್ತಾ?"

"ಇಲ್ಲ."

"ಯಾಕೆ ಹೇಳ್ಲಿಲ್ಲ?"

"ನಾಳೆ ಹೇಳೋಣ ಅಂದ್ಕೊಂಡೆ."

"ಎರಡು ವರ್ಷ ನಾಳೆ ಆಗ್ಲೇ ಇಲ್ವೇನಮ್ಮಾ?"

ಅದಕ್ಕೆ ಯಾವ ದಾಳವೂ ಇರಲಿಲ್ಲ.

ಆರು ದಿನ ಮಗ ನನ್ನೊಡನೆ ಮಾತಾಡಲಿಲ್ಲ. ಒಂದೇ ಮೇಜಿನಲ್ಲಿ ಎದುರುಬದುರು ಕೂತು, "ಉಪ್ಪು ಬೇಕಂತೆ ಅತ್ತೆ", "ಸಾಕಾ ಅಂತ ಕೇಳಮ್ಮಾ" ಎಂದು ಸೊಸೆಯ ಮೂಲಕ ಊಟ ಮುಗಿಸಿದೆವು. "ನಿಮ್ಮಿಬ್ಬರ ನಡುವೆ ಈಗ ನಾನೇ ಭೂತ!" ಎಂದು ಅವಳು ರೇಗಿದಳು. ನಾನು ಕತ್ತರಿಗೆ ಎಣ್ಣೆ ಹಚ್ಚಿ ಒರೆಸಿ ಟ್ರಂಕಿಗೆ ಹಾಕಿದೆ. "ಅಜ್ಜಿ, ಭೂತ ಬಿಡುಗಡೆಯಾಯ್ತಾ?" ಎಂದು ಮೊಮ್ಮಗಳು ಕೇಳಿದಳು. ಗೊತ್ತಿಲ್ಲ ಎಂದೆ. ಕೇಳಬೇಕಾದವರು ಬದುಕಿದ್ದಾಗ ಅವರಿಗೆ ಕೇಳಿಸುವಂತೆ ಹೇಳಲಿಲ್ಲವಲ್ಲ. ಅದು ಆಟದ ಪುಸ್ತಕದಲ್ಲಿ ಸರಿಹೋಗುವಂಥದ್ದಲ್ಲ.

ಏಳನೆಯ ದಿನ, ಭಾನುವಾರ, ಮಗ ಕೋಣೆಯಿಂದ ಹೊರಗೆ ಬಂದ. ಮೈಮೇಲೆ ಆ ಕೋಟು! ಟ್ರಂಕಿನಿಂದ ತಾನೇ ತೆಗೆದಿದ್ದ. ಇಪ್ಪತ್ತು ವರ್ಷ ಡಿಪೋದಲ್ಲಿ ಕೂತು ಬೆಳೆಸಿದ ಹೊಟ್ಟೆ ಅದರೊಳಗೆ ಜಾಗ ಕಂಡುಕೊಂಡಿತ್ತು. ಗುಂಡಿ ಸರಿಯಾಗಿ ಕೂತಿತ್ತು. ಭುಜವೂ ತುಂಬಿತ್ತು. ತೋಳು ಮಾತ್ರ ಅಂಗೈಯ ಮೇಲೆ ಇಳಿದಿತ್ತು. ಹೊಟ್ಟೆ ಬೆಳೆದಂತೆ ಕೈ ಬೆಳೆಯುವುದಿಲ್ಲವಲ್ಲ!

ಸೊಸೆ ಸುತ್ತಲೂ ಒಮ್ಮೆ ನೋಡಿ, "ಮದುವೆಯ ಬಾಡಿಗೆ ಕೋಟಿಗಿಂತ ಇದೇ ವಾಸಿ," ಎಂದಳು.

ಮಗ ನನ್ನೆದುರು ನಿಂತು ಎರಡೂ ಕೈ ಚಾಚಿದ. "ಅಮ್ಮಾ, ತೋಳು ಒಂದು ಚೂರು ಮಡಚಿ ಹೊಲಿದ್ಕೊಡು."

ಆರು ದಿನದ ಮೇಲೆ "ಅಮ್ಮಾ"! ನನ್ನ ಮಂಡಿನೋವು ಎಲ್ಲಿ ಹೋಯಿತೋ! ಓಡಿದೆ. ಕನ್ನಡಕ ಏರಿಸಿದೆ, ಸೂಜಿಗೆ ದಾರ ಪೋಣಿಸಿದೆ, ನಾಲ್ಕು ಗುಂಡುಸೂಜಿ ಬಾಯಿಗಿಟ್ಟೆ. ಯಜಮಾನರ ಹಾಗೆಯೇ ಕೊರಳಿಗೆ ಟೇಪು ನೇತುಹಾಕಿಕೊಂಡು ಅವನ ಮಣಿಕಟ್ಟು ಹಿಡಿದೆ.

ಅವನು ಮೆಲ್ಲಗೆ ನನ್ನ ಕತ್ತಿನಿಂದ ಟೇಪು ತೆಗೆದುಕೊಂಡ. ಮೊದಲು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಹೊಲಿಗೆ ನಿಂದೇ ಇರ್ಲಿ, ಅಮ್ಮಾ. ಅಳತೆ ನಾನೇ ತಗೋತೀನಿ!"