ಸೊಸೆಗೆ ಬರೆದ ಭಾಷಣ

ಏಳೂವರೆ ಗಂಟೆಯ ಧಾರಾವಾಹಿಯ ಎಂಟುನೂರ ಹನ್ನೆರಡನೆಯ ಕಂತಿನಲ್ಲಿ ಅತ್ತೆ ಸೊಸೆಯನ್ನು ಕುತ್ತಿಗೆ ಹಿಡಿದು ಬೀದಿಗೆ ದಬ್ಬಿದಳು. ಸೊಸೆ ಕಣ್ತುಂಬಾ ನೀರು ತುಂಬಿಕೊಂಡಳೇ ಹೊರತು ತುಟಿಪಿಟಕ್ಕೆನ್ನಲಿಲ್ಲ. ಸಂಭಾಷಣೆ ಬರೆಯುವ ಇಳಮಾರನ್‌ಗೆ ಗ್ರಹಚಾರ ಕೆಟ್ಟದ್ದು ಅಲ್ಲೇ. ಆ ಕಂತನ್ನು ಪಕ್ಷದ ಜಿಲ್ಲಾ ಕಾರ್ಯದರ್ಶಿ ಮಾಸಿಲಾಮಣಿಯವರೂ ನೋಡಿಬಿಟ್ಟರು.

ಮಾಸಿಲಾಮಣಿಯವರು ಹದಿನೈದು ವರ್ಷ ಕೌನ್ಸಿಲರ್ ಆಗಿ ಬೇರು ಬಿಟ್ಟಿದ್ದ ವಾರ್ಡು ಈ ಸಲ ಹೆಂಗಸರಿಗೆ ಮೀಸಲಾಗಿತ್ತು. ಹೆಣ್ಣೆಂದರೆ ಅವರಿಗೆ ಅಪಾರ ಗೌರವ. ಅದಕ್ಕೇ ಬಾಯಿ ಬಿಡದ ಹೆಣ್ಣೊಬ್ಬಳನ್ನು ಹುಡುಕುತ್ತಿದ್ದರು. ಎಂಟುನೂರ ಹನ್ನೆರಡು ಕಂತು ಸುಮ್ಮನಿದ್ದವಳು ಐದು ವರ್ಷ ಸುಮ್ಮನಿರಲಾರಳೇ? ಸೊಸೆಯ ಪಾತ್ರ ಮಾಡುವ ನಿರೈಮತಿಯೇ ಅಭ್ಯರ್ಥಿ ಎಂದು ತೀರ್ಮಾನವಾಯಿತು. ಚಾನೆಲ್ಲು ಪಕ್ಷದ್ದೋ, ಪಕ್ಷವೇ ಚಾನೆಲ್ಲಿನದೋ ಎಂದು ಚೆನ್ನೈಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲವಾದ್ದರಿಂದ ಅವಳನ್ನು ಕೇಳುವ ಅಗತ್ಯವೂ ಬೀಳಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ವಡಪಳನಿಯ ಸ್ಟುಡಿಯೋದಲ್ಲಿ ಇಳಮಾರನ್ ಪೊಂಗಲ್ ತಟ್ಟೆಗೆ ಕೈಹಾಕಿದ್ದ. ಆಗ ಮಾಸಿಲಾಮಣಿಯವರ ಫೋನು ಬಂತು.

"ಸಾಯಂಕಾಲ ಐದಕ್ಕೆ ಮೀಟಿಂಗು ತಂಬಿ. ಆ ಹುಡುಗಿಗೆ ಐದು ನಿಮಿಷದ ಭಾಷಣ ಬರ್ಕೊಡು. ಮಾತಾಡ್ಬೇಕು, ಆದ್ರೆ ಏನೂ ಹೇಳ್ಬಾರ್ದು. ಚೆನ್ನಾಗಾದ್ರೆ ಮುಂದಿನ ಸೀರಿಯಲ್ಲೂ ನಿಂದೇ. ಕೆಟ್ಟರೆ ಸೋಮವಾರದಿಂದ ಬೇರೆಯವನು ಬರೀತಾನೆ."

ಒಂಬತ್ತು ವರ್ಷ ಇನ್ನೊಬ್ಬರ ಕೈಕೆಳಗೆ ಗೀಚಿ ಗೀಚಿ ದಕ್ಕಿಸಿಕೊಂಡ ಕೆಲಸ. ಪೊಂಗಲ್ ತಟ್ಟೆ ಪಕ್ಕಕ್ಕೆ ಸರಿಸಿ ಕಾಗದ ಎಳೆದುಕೊಂಡ.

ಬರೆಯಲು ಕೂತಾಗಲೇ ಅವನಿಗೆ ಒಂದು ವಿಷಯ ಹೊಳೆದದ್ದು. ಮೂರು ವರ್ಷದಲ್ಲಿ ಅವನು ಸೊಸೆಗೆ ನಾಲ್ಕು ಪದಕ್ಕಿಂತ ಉದ್ದದ ಮಾತನ್ನೇ ಕೊಟ್ಟಿರಲಿಲ್ಲ. "ಅತ್ತೇ...", "ಬೇಡಿ ಅತ್ತೆ", "ಎಲ್ಲಾ ನನ್ನ ಹಣೆಬರಹ" ಇಷ್ಟೇ ಅವಳ ಬಂಡವಾಳ. ಇದರಲ್ಲಿ ಐದು ನಿಮಿಷ ತುಂಬಿಸುವುದು ಹೇಗೆ?

ಸಲಹೆಗೇನೂ ಬರವಿರಲಿಲ್ಲ. ನಿರ್ದೇಶಕರು ತಾಳಿ ಕಣ್ಣಿಗೊತ್ತಿಕೊಂಡು ಶುರುಮಾಡಲಿ ಎಂದರು. ಮೇಕಪ್ಪಿನವನು ತಾಯಿಯ ಮಹಿಮೆ ಹಾಕಿ ಎಂದ. ಕ್ಯಾಂಟೀನಿನ ಭಟ್ಟ, ಹೆಂಗಸರ ಮನಸ್ಸು ತನಗಿಂತ ಬಲ್ಲವರಿಲ್ಲವೆಂದು ಹೇಳಿ, ಹೆಣ್ಣು ಭೂಮಿಯ ಹಾಗೆ ಎಂದು ಬರೆಸಿಯೇ ಹೋದ. ಹೀಗೆ ಐದಾರು ಗಂಡಸರು ಸುತ್ತ ಕೂತು ಹೆಣ್ಣಿನ ದನಿ ಹೇಗಿರಬೇಕೆಂದು ಮಧ್ಯಾಹ್ನದವರೆಗೆ ಚರ್ಚಿಸಿದರು. ನಡುವೆ ನಿರೈಮತಿ ಬಂದು, ತಾನು ಆ ವಾರ್ಡಿನವಳೇ, ನೀರಿನ ವಿಷಯ ಎರಡು ಮಾತು ಆಡಬಹುದೇ ಎಂದು ಕೇಳಿದಳು. ಇಳಮಾರನ್‌ಗೆ ಮೈಯೆಲ್ಲ ಉರಿಯಿತು. ನಿಮಗೋಸ್ಕರವೇ ಇಷ್ಟು ಜನ ಒದ್ದಾಡುತ್ತಿರುವಾಗ ನಡುವೆ ತೊಂದರೆ ಕೊಡಬೇಡಿಮ್ಮಾ ಎಂದು ಕಳಿಸಿಬಿಟ್ಟ.

ನಾಲ್ಕು ಗಂಟೆಯಾದರೂ ಕಾಗದದ ಮೇಲೆ ತಾಯಿ, ತಾಳಿ, ಭೂಮಿ ಬಿಟ್ಟರೆ ಬೇರೇನೂ ಇರಲಿಲ್ಲ. ದಿಕ್ಕು ತೋಚದೆ ಅವನು ಹಳೆಯ ಕಂತುಗಳ ಕಟ್ಟು ಬಿಚ್ಚಿದ. ಗತ್ತಿನ ಮಾತೆಲ್ಲ ಅತ್ತೆಯದೇ. ಅದನ್ನೇ ಎತ್ತಿ, ಮನೆ ಎಂದಿದ್ದ ಕಡೆಯಲ್ಲೆಲ್ಲ ವಾರ್ಡು ಎಂದು ತಿದ್ದಿ, ಮೀಟಿಂಗಿಗೆ ಹೊರಟಿದ್ದ ನಿರೈಮತಿಯ ಕಾರಿನ ಕಿಟಕಿಯೊಳಗೆ ತೂರಿಸಿದ.

ಮೀಟಿಂಗಿನಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಿರೈಮತಿ ಮೈಕಿನ ಮುಂದೆ ನಿಂತು ಕಾಗದ ಬಿಡಿಸಿ, "ಈ ವಾರ್ಡಿನ ಬೀಗದ ಕೈ ಇನ್ಮೇಲೆ ನನ್ನ ಸೊಂಟದಲ್ಲಿರುತ್ತೆ" ಎಂದಳು. ಹಿಂದಿನಿಂದ ಒಬ್ಬ ಮುದುಕಿ ಸಿಳ್ಳೆ ಹಾಕಿದಳು. ಈ ಹುಡುಗಿ ಒಂದು ಸಲ ತಿರುಗಿ ಬೀಳಲಿ ಎಂದು ಮೂರು ವರ್ಷ ಹಲ್ಲು ಕಚ್ಚಿ ಕಾದಿದ್ದ ಹೆಂಗಸರು ಕುರ್ಚಿ ಬಿಟ್ಟು ಎದ್ದರು.

ವೇದಿಕೆಯ ಪಕ್ಕದಲ್ಲಿ ಇಳಮಾರನ್ ಎದೆಯುಬ್ಬಿಸಿ ಪಕ್ಷದವರಿಗೂ ಪತ್ರಿಕೆಯವರಿಗೂ ಹೇಳತೊಡಗಿದ:

"ಒಂದೊಂದು ಅಕ್ಷರಾನೂ ನಂದೇ ಸಾರ್. ನಾನು ಬರ್ಕೊಡದೆ ಆ ಹುಡುಗಿ ಆಕಳಿಸೋದೂ ಇಲ್ಲ."

ಅಷ್ಟರಲ್ಲಿ ನಿರೈಮತಿ ಕಾಗದ ಮಡಚಿದಳು.

"ಹನ್ನೊಂದು ವರ್ಷ ಇಲ್ಲೇ ಕೊಡ ಹಿಡ್ಕೊಂಡು ನೀರಿನ ಲಾರಿ ಹಿಂದೆ ಓಡಿದೀನಿ. ಪೈಪು ಹಾಕಿದೀವಿ ಅಂತ ಮೂರು ಸಲ ಉದ್ಘಾಟನೆ ಆಯ್ತು. ಪೈಪು ಎಲ್ಲಿ? ಕಾಂಟ್ರಾಕ್ಟು ಯಾರ ಭಾಮೈದಂದು? ಅಣ್ಣ ಇಲ್ಲೇ ಕೂತಿದಾರೆ, ಅವರೇ ಹೇಳ್ಲಿ."

ಚಪ್ಪಾಳೆಗೆ ಪೆಂಡಾಲು ಹಾರಿಹೋಗುವುದೊಂದು ಬಾಕಿ. ಕ್ಯಾಮೆರಾ ತಮ್ಮ ಕಡೆಗೇ ತಿರುಗಿದ್ದರಿಂದ ಮಾಸಿಲಾಮಣಿಯವರೂ ಹಲ್ಲು ಕಿರಿದು ಚಪ್ಪಾಳೆ ತಟ್ಟಿದರು. ಇಳಮಾರನ್‌ಗೆ ಪತ್ರಿಕೆಯವರ ಮುಂದಿನಿಂದ ಮೆಲ್ಲಗೆ ಜಾರಿಕೊಳ್ಳಬೇಕಾಯಿತು. ಆದರೂ, ಕೆಲಸ ಹೋಗುವುದು ಅವಳದು, ನನಗೇನು ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡ.

ವೇದಿಕೆಯ ಹಿಂದೆ ಮಾಸಿಲಾಮಣಿಯವರು ನಿರೈಮತಿಯನ್ನು ದಾಟಿಕೊಂಡು ಬಂದು ನೇರವಾಗಿ ಅವನ ಕಾಲರ್ ಹಿಡಿದರು.

"ಎದುರು ಪಕ್ಷದವರ ಜೊತೆ ಯಾವತ್ತಿಂದ ಸೇರ್ಕೊಂಡಿದೀಯೋ?"

"ಅಣ್ಣಾ, ಪೈಪಿನದು ನಾನು ಬರ್ದಿದ್ದಲ್ಲ. ಅವಳೇ ಆಡಿದ ಮಾತು."

ಮಾಸಿಲಾಮಣಿಯವರಿಗೆ ಸಿಟ್ಟಿನಲ್ಲೂ ನಗು ಬಂತು. ಕಾಂಟ್ರಾಕ್ಟು, ಪೈಪು ಎಲ್ಲ ಒಂದು ಹೆಣ್ಣಿನ ತಲೆಗೆ ಹೊಳೆಯುವ ವಿಷಯವೇ? ಒಂದೊಂದು ಅಕ್ಷರವೂ ತನ್ನದೇ ಎಂದು ಈಗತಾನೆ ಕೊಚ್ಚಿಕೊಂಡನಲ್ಲ ಎಂದು ಪಕ್ಷದವರೆಲ್ಲ ಸಾಕ್ಷಿ ನುಡಿದರು. ಬೇಕಾದರೆ ಕಾಗದ ನೋಡಿ ಅಣ್ಣಾ ಎಂದು ಇಳಮಾರನ್ ಗೋಗರೆದ. ಅವರು ನಿರೈಮತಿಯ ಕಡೆ ತಿರುಗಿ, ನೀನೇ ಹೇಳಮ್ಮಾ ಎಂದರು.

ನಿರೈಮತಿ ತಲೆ ತಗ್ಗಿಸಿದಳು. ಸೆರಗು ಭುಜದ ಮೇಲೆ ಎಳೆದುಕೊಂಡಳು. ಕಣ್ಣಲ್ಲಿ ಎರಡು ಹನಿ ಸರಿಯಾದ ಹೊತ್ತಿಗೆ ಬಂದು ನಿಂತವು.

"ನಂಗೇನ್ ಗೊತ್ತಣ್ಣಾ. ಸಾರ್ ಏನು ಬರ್ಕೊಟ್ರೋ ಅದನ್ನ ಓದಿದೆ."

ಮಾಸಿಲಾಮಣಿಯವರ ಕರುಳು ಚುರುಕ್ ಎಂದಿತು. ಈ ಮಗು ಸುಳ್ಳು ಹೇಳೀತೆ, ಕಾಗದ ಯಾಕೆ ನೋಡಬೇಕು ಎಂದರು. ಗಂಡಸಾಗಿ ಒಂದು ಪಾಪದ ಹೆಣ್ಣಿನ ಮೇಲೆ ತಪ್ಪು ಹೊರಿಸುತ್ತೀಯಲ್ಲ, ನಾಚಿಕೆಯಾಗಬೇಕು ಎಂದು ಉಗಿದರು. ಟಿಕೆಟ್ಟು ಅಲ್ಲೇ ಖಾಯಂ ಆಯಿತು. ಇಳಮಾರನ್‌ಗೆ ಸ್ಟುಡಿಯೋ ಕಡೆ ತಲೆ ಹಾಕಬಾರದೆಂದು ಹೇಳಿ ಹೊರಗೆ ದಬ್ಬಿದರು.

ಬಸ್‌ಸ್ಟ್ಯಾಂಡಿನಲ್ಲಿ ಮೀಟಿಂಗಿನಿಂದ ಬಂದ, ವೇದಿಕೆಯ ಪಕ್ಕ ಅವನು ಕೊಚ್ಚಿಕೊಂಡದ್ದನ್ನು ಕೇಳಿದ್ದ ಹೆಂಗಸರು ಅವನನ್ನು ಮುತ್ತಿಕೊಂಡರು. ಕನಕಾಂಬರ ಮುಡಿದ ಹೆಂಗಸೊಬ್ಬಳು, ಮೂರು ವರ್ಷ ಆ ಹುಡುಗಿಯನ್ನು ಅಳಿಸಿದಿರಿ, ಇವತ್ತಾದರೂ ಬುದ್ಧಿ ಬಂತಲ್ಲ, ಆ ಪೈಪಿನ ಮಾತು ಬರೆದ ಕೈಗೆ ಬಂಗಾರದ ಬಳೆ ಹಾಕಬೇಕು ಎಂದಳು.

ಇಳಮಾರನ್‌ಗೆ ಅಳು ಬರುವುದೊಂದು ಬಾಕಿ. "ಆಣೆಗೂ ನಾನಲ್ಲಮ್ಮಾ. ಆ ಮಾತು ಪೂರ್ತಿ ಅವಳದೇ" ಎಂದ.

ಆಕೆ ಕೆನ್ನೆಗೆ ಕೈಯಿಟ್ಟುಕೊಂಡು ಉಳಿದವರ ಕಡೆ ತಿರುಗಿದಳು.

"ಎಂಥಾ ದೊಡ್ಡ ಮನಸ್ಸು ನೋಡ್ರೇ. ತಾನು ಬರ್ದಿದ್ದನ್ನೂ ಹೆಂಗಸಿಗೇ ಬಿಟ್ಕೊಡ್ತಾರೆ."