ನಮ್ಮ ಭಾವನವರ ‘ದಟ್’

ನಮ್ಮ ಭಾವನವರಿಗೆ ಹಸಿವಾಗುತ್ತಲೇ ಇರಲಿಲ್ಲ, ಗೊತ್ತಾ? ಅವರಿಗೆ ಆಗುತ್ತಿದ್ದದ್ದು ‘ಐ ಫೀಲ್ ದಟ್ ಹಸಿವು’! (ಈ ‘ದಟ್’ ಅನ್ನು ನನ್ನ ಫೋನು ‘ದಡ್ಡ’ ಎಂದು ತಿದ್ದುತ್ತದೆ. ಭಾವ ಇದ್ದಿದ್ದರೆ ಫೋನಿಗೂ ಪಾಠ ಆಗುತ್ತಿತ್ತು!)

ಯಜಮಾನರ ಅಣ್ಣ, ಗುಬ್ಬಿಯಲ್ಲಿ ಇಂಗ್ಲಿಷ್ ಮೇಷ್ಟ್ರು, ಒಂಟಿ ಜೀವ. ಎಪ್ಪತ್ತರ ದಶಕದ ಮಾತು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ತುಮಕೂರಿನ ನಮ್ಮ ಮನೆಗೆ ಹಾಜರ್.

“ನಂಗನ್ಸುತ್ತೆ ದಟ್, ಸಾರಿಗೆ ಉಪ್ಪು ಕಮ್ಮಿ.”

“ಉಪ್ಪು ಕಮ್ಮಿ ಅಂತ ನೆಟ್ಟಗೆ ಹೇಳ್ಬಾರ್ದಾ ಭಾವ?”

“ಅದೇ ಕಣಮ್ಮ ಎಡವಟ್ಟು! ದೊಡ್ಡ ವಾಕ್ಯದ ಹೊಟ್ಟೇಲಿರೋ ಮರಿ ವಾಕ್ಯಾನೇ ನೌನ್ ಕ್ಲಾಝ್. ನಮ್ ಕನ್ನಡದಲ್ಲಿ ಎಲ್ಲಾ ಹೇಳಿ ಮುಗಿದ್ಮೇಲೆ ‘ಅಂತ’ ಬರುತ್ತೆ. ಅಷ್ಟೊತ್ಗೆ ಕೇಳೋರು ಎದ್ದೋಗಿರ್ತಾರೆ. ‘ದಟ್’ ನೋಡು, ಮುಂಚೇನೇ ಬಾಗಿಲಲ್ಲಿ ನಿಂತು, ‘ಮಾತು ಬರ್ತಾ ಐತೆ, ಕೂತ್ಕೊಳ್ರಪ್ಪಾ’ ಅನ್ನುತ್ತೆ!”

ಕೂರುವವರು ಯಾರು? ‘ದಟ್’ ಎಂದ ಕೂಡಲೇ ಯಜಮಾನರಿಗೆ ಸೈಕಲ್ ಪಂಕ್ಚರ್ ನೆನಪಾಗುತ್ತಿತ್ತು. ಮಕ್ಕಳು ಹಿತ್ತಲ ಬಾಗಿಲಿಂದ ಪರಾರಿ!

ಮದುವೆಯಾದರೆ ಕೇಳುವವಳು ಒಬ್ಬಳಾದರೂ ಸಿಕ್ಕಾಳೆಂದು ಕುಣಿಗಲ್ಲಿಗೆ ಹೆಣ್ಣು ನೋಡಲು ಕರೆದೊಯ್ದೆವು. ಉಪ್ಪಿಟ್ಟು, ಕಾಫಿ ಆಯಿತು. ಹುಡುಗಿಯ ತಂದೆ ಕೈಮುಗಿದು, “ಮಗಳು ಒಪ್ಪಿದ್ರೆ ಹೇಳಿಕಳಿಸ್ತೀವಿ ಮೇಷ್ಟ್ರೇ” ಎಂದರು.

“‘ಒಪ್ಪಿದ್ರೆ’ ಅನ್ಬೇಡಿ ಸ್ವಾಮಿ, ಅದು ಬರೀ ಶರತ್ತು. ‘ಒಪ್ತಾಳೋ ಇಲ್ವೋ ಹೇಳಿಕಳಿಸ್ತೀವಿ’ ಅನ್ನಿ. ಇಂಗ್ಲಿಷಲ್ಲಿ ಅದಕ್ಕೆ ‘ವೆದರ್’ ಹಾಕ್ಬೇಕು. ಆಗ ನೌನ್ ಕ್ಲಾಝ್ ಆಗುತ್ತೆ!”

ಒಳಮನೆಯಿಂದ ಹುಡುಗಿಯ ದನಿ ಬಂತು: “ಅಪ್ಪಾ, ಆ ‘ಇಲ್ವೋ’ ಅನ್ನೋದನ್ನ ಈಗ್ಲೇ ಹೇಳ್ಬುಡಿ!”

ವಾಪಸ್ ಬಸ್ಸಿನಲ್ಲಿ ಯಜಮಾನರು ನಕ್ಕೂ ನಕ್ಕೂ ಸುಸ್ತು. ಭಾವ ಕಿಟಕಿ ಕಡೆಗೆ ಮುಖ ಮಾಡಿ ಕೂತಿದ್ದರು. “ಹುಡುಗಿಗೆ ಗ್ರಾಮರ್ ಬೇಗ ಹತ್ತುತ್ತೆ” ಎಂದರು.

ಮುಂದಿನ ಭಾನುವಾರವೂ ಬಂದರು. ಊಟ ಮುಗಿಯುತ್ತಲೇ ಒಬ್ಬೊಬ್ಬರಾಗಿ ಜಾರಿಕೊಂಡರು. ಒಲೆಯ ಮೇಲೆ ಹಾಲಿಟ್ಟಿದ್ದೆ, ನಾನೂ ಎದ್ದೆ. ಹಿಂದಿನಿಂದ ಭಾವ, “ಐ ನೋ ದಟ್...” ಎಂದರು. ಹೊಸಿಲಲ್ಲೇ ನಿಂತೆ.

“ದಟ್? ಮುಂದಕ್ಕೆ ಹೇಳಿ ಭಾವ.”

“ಮುಂದಕ್ಕೇನೂ ಇಲ್ಲ ಕಣಮ್ಮ. ನೀನೂ ಎದ್ದೋಗ್ಬಿಡ್ತೀಯೇನೋ ಅಂತ...”

ಒಳಗೆ ಹಾಲು ಉಕ್ಕಿ ಒಲೆಗೆ ಸುರಿದ ಸದ್ದಾಯಿತು. ನಾನು ಮಣೆ ಎಳೆದುಕೊಂಡು ಅವರೆದುರು ಕೂತೆ.